ಸನ್ನಿಸೈಡ್ ಮನೆಯ ಜನರಲ್

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಹೆಸರು ಬಂದಾಗಲೆಲ್ಲ ನಮ್ಮ ಮಾತು 1948ರಲ್ಲಿ ಅವರು ಕಾದಾಡಿದ ಕಾಶ್ಮೀರದ ಜೋಜಿಲಾ ಕಣಿವೆಗೆ ಹೋಗಿ ನಿಲ್ಲುತ್ತದೆ. ಮಡಿಕೇರಿಯಲ್ಲಿರುವ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ಆ ಮನೆಯ ಕುರಿತು ಯೋಚಿಸುವಾಗ ನನ್ನ ಗಮನ ಸೇನಾನಿಗಿಂತ ಹೆಚ್ಚಾಗಿ ಸಂಸಾರಿಯ ಕಡೆಗೆ ಹೋಗುತ್ತದೆ.

1935ರ ಜನವರಿಯಲ್ಲಿ ಅವರು ನೀನಾ ಅವರ ಕೈಹಿಡಿದರು. ನವದಂಪತಿ ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿದ್ದಾಗ, ಅದೇ ವರ್ಷದ ಮೇ 31ರ ನಸುಕಿನಲ್ಲಿ, ಇಡೀ ಊರನ್ನು ನೆಲಸಮ ಮಾಡಿದ ಭೂಕಂಪ ಸಂಭವಿಸಿತು. ಮದುವೆಯಾಗಿ ಆರು ತಿಂಗಳೂ ತುಂಬಿರದ ಆ ಇಬ್ಬರೂ ಸಂತ್ರಸ್ತರ ನೆರವಿಗೆ ಇಳಿದರು. ಈ ಸೇವೆಗಾಗಿ ಬ್ರಿಟಿಷ್ ಸರ್ಕಾರ ಜನಸೇವೆಗೆ ಕೊಡುತ್ತಿದ್ದ ಕೈಸರ್-ಇ-ಹಿಂದ್ ಪದಕ ದೊರೆತದ್ದು ನೀನಾ ಅವರಿಗೆ. ಸೈನಿಕನ ಪತ್ನಿ ಎಂದರೆ ಮನೆಯಲ್ಲಿ ಕಾಗದದ ದಾರಿ ಕಾಯುವವಳು ಎಂಬ ಚಿತ್ರಣ ಈ ಸಂಸಾರಕ್ಕಂತೂ ಒಪ್ಪುವುದಿಲ್ಲ. ಮರುವರ್ಷ ಮಗಳು ಮಿರೇಲ್ ಹುಟ್ಟಿದಳು.

ಆ ಮನೆತನ ಸೈನ್ಯಕ್ಕೆ ಮೂವರು ಗಂಡುಮಕ್ಕಳನ್ನು ಕೊಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪ ಜಪಾನೀಯರ ಜೊತೆಗೂಡಿದ್ದ ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿದರೆ, ತಮ್ಮ ತಿಮ್ಮಯ್ಯ ಬ್ರಿಟಿಷರ ಸೈನ್ಯದಲ್ಲಿದ್ದು ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಕಾದಾಡುತ್ತಿದ್ದರು. ಒಂದೇ ತಾಯಿಯ ಮಕ್ಕಳು ಎದುರುಬದುರು ಪಾಳೆಯಗಳಲ್ಲಿ ನಿಂತ ಈ ಸಂಕಟವನ್ನು ನಮ್ಮ ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಕಿರಿಯವರಾದ ಸೋಮಯ್ಯ ಮುಂದೆ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಪ್ರಾಣ ತೆತ್ತರು.

ಅದೇ ಕಾಶ್ಮೀರದಲ್ಲಿ, 1948ರ ಮೇ ತಿಂಗಳಲ್ಲಿ, ಲೇಹ್‌ಗೆ ಹೊರಟ ಮೊದಲ ಡಕೋಟಾ ವಿಮಾನದಲ್ಲಿ ಮೇಜರ್ ಜನರಲ್ ತಿಮ್ಮಯ್ಯ ತಾವೇ ಕುಳಿತಿದ್ದರು. ಅಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾಕ್ಕೆ ಸ್ಟುವರ್ಟ್ ಟ್ಯಾಂಕುಗಳು ಏರಿದಾಗಲೂ ಅವರಿದ್ದದ್ದು ಮುಂಚೂಣಿಯ ಟ್ಯಾಂಕಿನಲ್ಲಿ. ಪಾಕಿಸ್ತಾನದ ಕಡೆಯ ಶತ್ರುವಿಗೆ ಸುಳಿವು ಸಿಗಬಾರದೆಂದು ಆ ಟ್ಯಾಂಕುಗಳ ಫಿರಂಗಿ ಕೂರಿಸಿದ ಗೋಪುರಗಳನ್ನು ಕಳಚಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಲಾಗಿತ್ತು; ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಿನ ಕಾಲುದಾರಿಯನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್ ಪಡೆಯವರು. ತಾನು ಹೋಗಲು ಹಿಂಜರಿಯುವ ಕಡೆಗೆ ಬೇರೆ ಮನೆಯ ಮಕ್ಕಳನ್ನು ಕಳಿಸಬಾರದೆಂಬ ಯಜಮಾನನ ನಿಷ್ಠೆ ನನಗೆ ಇಲ್ಲಿ ಕಾಣುತ್ತದೆ.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಭಿನ್ನಾಭಿಪ್ರಾಯ ಬಂದು 1959ರಲ್ಲಿ ರಾಜೀನಾಮೆ ಕೊಟ್ಟದ್ದು, ನೆಹರೂ ಅವರ ಮನವೊಲಿಕೆಗೆ ಮಣಿದು ಅದನ್ನು ಹಿಂಪಡೆದದ್ದು ಎಲ್ಲರೂ ಬಲ್ಲ ಸಂಗತಿ. 1961ರಲ್ಲಿ ನಿವೃತ್ತರಾದ ಮೇಲಾದರೂ ಮನೆಯವರಿಗೆ ಅವರು ಪೂರ್ತಿಯಾಗಿ ದಕ್ಕಲಿಲ್ಲ: 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡಾಗ ಅವರಿಗಿನ್ನೂ ಅರವತ್ತು ತುಂಬಿರಲಿಲ್ಲ. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.