ಯಾರೂ ಓಡದ ‘ರನ್’

ದಾವಣಗೆರೆಯಲ್ಲಿ ನಾನು ನರ್ಸಿಂಗ್ ಮುಗಿಸಿದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಬ್ರಿಟನ್ನಿಗೋ ಐರ್ಲೆಂಡಿಗೋ ಹೋಗಬೇಕು ಅಂತ ಓಇಟಿಗೆ, ಅಂದರೆ ಡಾಕ್ಟರು-ನರ್ಸುಗಳಂಥವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಗೆ, ತಯಾರಿ ನಡೆಸಿರುವವರು. ಆ ಪರೀಕ್ಷೆಯ ಮಾತಿನ ಭಾಗ ಪೂರ್ತಿ ಆಸ್ಪತ್ರೆಯದೇ. ಒಂದು ಕಾರ್ಡ್ ಕೊಡುತ್ತಾರೆ. 3 ನಿಮಿಷ ಓದಿಕೊಂಡು, ಆಮೇಲೆ ಸುಮಾರು 5 ನಿಮಿಷ ರೋಗಿಯ ಜೊತೆ ಮಾತಾಡಬೇಕು. ರೋಗಿಯ ಪಾತ್ರ ಎದುರಿಗೆ ಕೂತವರದು. ಹೀಗೆ ಎರಡು ಸಲ.

ಮೊನ್ನೆ ಶನಿವಾರ ರೋಗಿಯ ಜಾಗದಲ್ಲಿ ನಾನು ಕೂತಿದ್ದೆ. ನರ್ಸ್ ಆಗಿದ್ದವಳು ರಾಣೆಬೆನ್ನೂರಿನ ಹುಡುಗಿ. ವಾರ್ಡಿನಲ್ಲಿ ದುಡಿದು ಪಳಗಿದವಳು. ‘ಐ ಹ್ಯಾವ್ ಬೀನ್ ಫೀಲಿಂಗ್ ಎ ಬಿಟ್ ರನ್ ಡೌನ್, ಸಿಸ್ಟರ್’ ಅಂದೆ. ಅವಳು ಗಾಬರಿಯಾಗದೆ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಯಾವ ಗಾಡಿ ಗುದ್ದಿತು? ಪ್ರಜ್ಞೆ ತಪ್ಪಿತ್ತಾ? ವಾಂತಿ ಆಯ್ತಾ? ತಲೆ ಸುತ್ತುತ್ತಿದೆಯಾ?

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅರ್ಧ ಜನಕ್ಕೆ ಹಾಗೇ ಅರ್ಥವಾಗಿತ್ತು. ಅದರಲ್ಲಿ ತಪ್ಪೇನಿದೆ? ಲಾರಿ ಒಬ್ಬನನ್ನು ಗುದ್ದಿ ಕೆಡವಿದರೂ ಇಂಗ್ಲಿಷಿನಲ್ಲಿ ‘ರನ್ ಡೌನ್’ ಅನ್ನುತ್ತಾರೆ. ಅಪಘಾತದ ರೋಗಿಗೆ ಕೇಳಬೇಕಾದ್ದನ್ನೆಲ್ಲ ಅವಳು ಸರಿಯಾಗೇ ಕೇಳಿದ್ದಳು. ಆದರೆ ಕಾರ್ಡಿನಲ್ಲಿದ್ದ ರೋಗಿಗೆ ಬರೀ ಸುಸ್ತು. ಮೈಯಲ್ಲಿ ಕಸುವಿಲ್ಲ, ಊಟ ಸೇರುತ್ತಿಲ್ಲ, ನಿದ್ದೆ ಸಾಲುತ್ತಿಲ್ಲ. ಬ್ಯಾಟರಿ ಖಾಲಿಯಾಗುತ್ತಾ ಬಂದರೂ ‘ರನ್ ಡೌನ್’ ಅಂತಲೇ ಹೇಳುವುದು ಅಂದೆ. ‘ಓ, ಬ್ಯಾಟ್ರಿ ಡೌನ್ ಆಗೇತಿ ಅಂದಂಗ’ ಅಂದಳು. ಇಡೀ ಕ್ಲಾಸಿಗೆ ಅಷ್ಟು ಸಾಕಾಯಿತು.

ಆಮೇಲೆ ಅಂದಿನ ಪಾಠ ಬಿಟ್ಟು ಇದನ್ನೇ ಹಿಡಿದುಕೊಂಡೆವು. ಆಸ್ಪತ್ರೆಯಲ್ಲಿ ಈ ‘ರನ್’ ಎಲ್ಲೆಲ್ಲಿ ಕಿವಿಗೆ ಬಿದ್ದಿದೆ ಹೇಳಿ ಅಂದೆ. ಬೋರ್ಡು ತುಂಬಿತು. ಮೈ ಬಿಸಿಯಾಗಿದ್ದರೆ ‘ರನ್ನಿಂಗ್ ಎ ಟೆಂಪರೇಚರ್’. ಮೂಗು ಸೋರಿದರೆ ‘ಮೈ ನೋಸ್ ಈಸ್ ರನ್ನಿಂಗ್’. ಡಾಕ್ಟರು ಒಂದಿಷ್ಟು ಪರೀಕ್ಷೆ ಮಾಡಿಸೋಣ ಅಂದರೆ ‘ರನ್ ಸಮ್ ಟೆಸ್ಟ್ಸ್’. ಗ್ಲೌಸ್ ಮುಗಿದು ಹೋದರೆ ‘ರನ್ ಔಟ್’. ಓಪಿಡಿ ತಡವಾದರೆ ‘ರನ್ನಿಂಗ್ ಲೇಟ್’. ಸಲೈನ್ ಇಷ್ಟು ಗಂಟೆಯಲ್ಲಿ ಇಳಿಯಬೇಕು ಅನ್ನುವುದಕ್ಕೂ ಇದೇ ಮಾತು. ಸಕ್ಕರೆ ಕಾಯಿಲೆ ಮನೆತನದಲ್ಲೇ ಬಂದದ್ದಾದರೆ ‘ರನ್ಸ್ ಇನ್ ದ ಫ್ಯಾಮಿಲಿ’.

ಸೊಂಟದಿಂದ ಕಾಲಿಗೆ ಎಳೆಯುವ ನೋವಿಗೆ ‘ರನ್ಸ್ ಡೌನ್ ಮೈ ಲೆಗ್’ ಅಂತ ಬರೆದಾಗ ಒಬ್ಬ ಹುಡುಗ ತಡೆದ. ‘ಪೇಶಂಟ್ ಮಲಗ್ಯಾನ, ನರ ಇದ್ದಲ್ಲೇ ಐತಿ. ಇಲ್ಲಿ ಓಡಾಕತ್ತಿದ್ದು ಯಾವುದ್ರೀ ಮಿಸ್?’

ಒಳ್ಳೆಯ ಪ್ರಶ್ನೆ. ಏನೂ ಓಡುತ್ತಿಲ್ಲ. ನೋವಿನ ಜಾಡು ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಹೇಳುತ್ತಿದ್ದಾರೆ ಅಷ್ಟೇ. ಹೊಳೆಯ ಪಕ್ಕ ಹಾದು ಹೋಗುವ ರಸ್ತೆಗೂ ಇಂಗ್ಲಿಷಿನವರು ‘ರನ್’ ಅನ್ನುತ್ತಾರೆ. ನಮ್ಮಲ್ಲೂ ರಸ್ತೆ ‘ಹೋಗುತ್ತದೆ’ ಅಲ್ವಾ? ಅದೂ ಇದ್ದಲ್ಲೇ ಇರುತ್ತದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಥೆ ಹೇಳಿದೆ. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಈ ಒಂದು ಕ್ರಿಯಾಪದದ ಮೇಲೆ ಒಂಬತ್ತು ತಿಂಗಳು ಕೂತು ಕೆಲಸ ಮಾಡಿದರು. ಅವರು ಬಿಡಿಸಿಟ್ಟ ಅರ್ಥಗಳು 645. ಈ ಸಂಗತಿ 2011ರಲ್ಲಿ ಸುದ್ದಿಯಾಯಿತು. ಅದಕ್ಕೂ ಮೊದಲು, 1989ರ ಆವೃತ್ತಿಯಲ್ಲಿ, ‘ಸೆಟ್’ ಅನ್ನುವ ಕ್ರಿಯಾಪದ 430 ಅರ್ಥಗಳೊಂದಿಗೆ ಮುಂದಿತ್ತು. ‘ರನ್’ ಇಷ್ಟು ಹಿಗ್ಗಿದ್ದರಲ್ಲಿ ಯಂತ್ರಗಳ ಪಾಲು ದೊಡ್ಡದು ಅಂತ ನನಗನಿಸುತ್ತದೆ. ರೈಲು, ಗಿರಣಿ, ಮೋಟಾರು, ಈಗ ಕಂಪ್ಯೂಟರು. ಬಂದ ಬಂದ ಯಂತ್ರಕ್ಕೆಲ್ಲ ಇದೇ ಮಾತು ಅಂಟಿಕೊಂಡಿತು. ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಚುನಾವಣೆಗೆ ನಾವು ನಿಲ್ಲುತ್ತೇವೆ. ಬ್ರಿಟನ್ನಿನವರೂ ನಿಲ್ಲುತ್ತಾರೆ. ಅಮೆರಿಕದವರು ಮಾತ್ರ ಓಡುತ್ತಾರೆ!

645 ಅಂದ ಕೂಡಲೇ ಕೆಲವರ ಮುಖ ಸಪ್ಪೆಯಾಯಿತು. ಇಷ್ಟೆಲ್ಲ ಯಾವಾಗ ಕಲಿಯೋದು ಅನ್ನುವ ಚಿಂತೆ. ಆಗ ಬೋರ್ಡಿನ ಇನ್ನೊಂದು ಬದಿಯಲ್ಲಿ ‘ಹೊಡಿ’ ಅಂತ ಬರೆದೆ. ಹೇಳಿ ನೋಡೋಣ ಅಂದೆ. ಗೋಡೆಗೆ ಬಣ್ಣ ಹೊಡಿ. ಸೀಟಿ ಹೊಡಿ. ಹರಟೆ ಹೊಡಿ. ಈಜು ಹೊಡಿ. ಕಾಪಿ ಹೊಡಿ. ಹೊಲದಲ್ಲಿ ಕುಂಟೆ ಹೊಡಿ. ಎಮ್ಮೆ ಹೊಡ್ಕೊಂಡು ಬಾ. ಬಸ್ ಹೊಡೆಯೋ ಡ್ರೈವರ್. ಬಿಸಿಲು ಹೊಡೀತದೆ, ವಾಸನೆ ಹೊಡೀತದೆ, ಲಾಟರಿ ಹೊಡೀತದೆ. ಹತ್ತಿಗೆ ಎಣ್ಣೆ ಹೊಡೆಯುವುದೇ ಬೇರೆ, ಸಂಜೆ ಎಣ್ಣೆ ಹೊಡೆಯುವುದೇ ಬೇರೆ. ಇಷ್ಟರಲ್ಲಿ ಏಟು ತಿಂದವರು ಯಾರೂ ಇಲ್ಲ.

ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ‘ಕುಂಟೆ’ ಕೇಳಿದಾಗ ಹಿಂದೆಯೇ ‘ಹೊಡಿ’ ಬಂತು. ಹೊಲದಲ್ಲಿ ಕೇಳಿದೆವು, ಹೊಲದಲ್ಲೇ ಆಡಿದೆವು. ಇಂಗ್ಲಿಷನ್ನೂ ಹಾಗೇ ಜೊತೆಗಾರ ಪದದ ಸಮೇತ ಹಿಡಿಯಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ನರ್ಸಿಗೆ 645 ಅರ್ಥ ಬೇಕಾಗಿಲ್ಲ. ವಾರ್ಡಿನಲ್ಲಿ ಓಡಾಡುವ ಹತ್ತಿಪ್ಪತ್ತು ಸಾಕು. ಆದರೆ ಅವು ಬಲವಾಗಿ ಬರಬೇಕು. ಸುಸ್ತಾದವನಿಗೆ ಅಪಘಾತದ ಪ್ರಶ್ನೆ ಕೇಳಿದರೆ ಪರೀಕ್ಷೆಯಲ್ಲಿ ಅಂಕ ಹೋಗಬಹುದು. ವಾರ್ಡಿನಲ್ಲಾದರೆ, ದೂರದ ಊರಿನಲ್ಲಿ ಒಂಟಿಯಾಗಿ ಮಲಗಿರುವ ಅಜ್ಜಿಯೊಬ್ಬಳು ತನ್ನ ಮಾತು ಇವರಿಗೆ ತಿಳಿಯಲಿಲ್ಲ ಅಂತ ಸುಮ್ಮನಾಗಿಬಿಡಬಹುದು. ನನಗೆ ಅದೇ ಜಾಸ್ತಿ ಮುಖ್ಯ.

ಅಂದಿನಿಂದ ನೋಟ್‌ಬುಕ್ಕಿನ ರೀತಿ ಬದಲಾಗಿದೆ. ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆಯುವುದನ್ನು ಬಿಟ್ಟಿದ್ದೇವೆ. ರೋಗಿ ಹೇಳುವ ಪೂರ್ತಿ ವಾಕ್ಯ ಬರೆದು, ಅದರ ಕೆಳಗೆ ನರ್ಸ್ ಕೇಳಬೇಕಾದ ಮುಂದಿನ ಪ್ರಶ್ನೆ ಬರೆಯುತ್ತಾರೆ. ‘ಫೀಲಿಂಗ್ ರನ್ ಡೌನ್’ ಕೆಳಗೆ ಊಟ, ನಿದ್ದೆ, ತೂಕ. ‘ರನ್ಸ್ ಡೌನ್ ಮೈ ಲೆಗ್’ ಕೆಳಗೆ ಜೋಮು ಹಿಡಿಯುತ್ತದೆಯಾ, ನಡೆಯಲು ಆಗುತ್ತದೆಯಾ.

ಈ ವಾರ ‘ಟೇಕ್’ ಹಿಡಿದಿದ್ದೇವೆ. ಇದು ಸ್ವಲ್ಪ ಸಲೀಸು. ನರ್ಸ್ ರಕ್ತ ತಗೋತಾಳೆ, ರೋಗಿ ಮಾತ್ರೆ ತಗೋತಾನೆ. ನಮ್ಮಲ್ಲೂ ಎರಡಕ್ಕೂ ಒಂದೇ ಮಾತು. ಟೆಂಪರೇಚರ್ ‘ಟೇಕ್’ ಮಾಡುವಾಗ ಮಾತ್ರ ನಾವು ಜ್ವರ ‘ನೋಡುತ್ತೇವೆ’. ಹೊಲಿಗೆ ಬಿಚ್ಚುವುದು ‘ಟೇಕ್ ಔಟ್’. ರಾಣೆಬೆನ್ನೂರಿನ ಹುಡುಗಿ ಈ ಎರಡನ್ನೂ ಆಗಲೇ ಬರೆದುಕೊಂಡು, ಅಪ್ಪನನ್ನೋ ಅಮ್ಮನನ್ನೋ ಹೋಲುವುದಕ್ಕೆ ಅನ್ನುವ ‘ಟೇಕ್ ಆಫ್ಟರ್’ಗೆ ಯಾವ ಪ್ರಶ್ನೆ ಬರೆಯಲಿ ಅಂತ ಕೇಳಿದ್ದಾಳೆ.