ಮೇಲಿನ ಸಾಲಿನ ಮಾತೇ ನಡೆಯೋದು

ಅಕೌಂಟ್ಸ್‌ನವರಿಗೆ ಯೂಟ್ಯೂಬ್‌ನಲ್ಲಿ ಜಿಎಸ್‌ಟಿ ತರಬೇತಿ ವಿಡಿಯೊ ನೋಡಬೇಕಿತ್ತು. ಅವರ ಗುಂಪಿಗೆ ಅನುಮತಿ ಕೊಟ್ಟಾಗಿದೆ, ಆದರೂ ಪೇಜೇ ತೆರೆಯುತ್ತಿಲ್ಲ. "ಸರ್, ನೆಟ್ಟೇ ಸರಿ ಇಲ್ಲ" ಅಂತ ಫೋನ್ ಮೇಲೆ ಫೋನ್.

ಆಫೀಸಿನ ನೆಟ್ ಎಲ್ಲ ಹಾದುಹೋಗೋ ನಡುವಿನ ಸರ್ವರ್ ನಮ್ಮ ಸ್ಕ್ವಿಡ್ ಪ್ರಾಕ್ಸಿ. ಯಾರು ಯಾವ ಸೈಟ್ ಕೇಳಿದರು ಅಂತ ಬರೆದಿಡೋ ಅದರ ಆಕ್ಸೆಸ್ ಲಾಗ್ ತೆರೆದರೆ ಉದ್ದಕ್ಕೂ 'ಟಿಸಿಪಿ ಡಿನೈಡ್ 403'. ಅಂದ್ರೆ ನೆಟ್ ಚೆನ್ನಾಗೇ ಇದೆ, ತಡೆದಿರೋದು ನಮ್ಮ ಪ್ರಾಕ್ಸಿಯೇ. ಸ್ಕ್ವಿಡ್ ನಿಯಮಗಳನ್ನು ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದನ್ನು ಒಪ್ಪಿಕೊಂಡು ಅಲ್ಲೇ ನಿಲ್ಲುತ್ತದೆ. ಯಾವ ಕಾಲದಲ್ಲೋ ಯಾರೋ ಬರೆದ 'ವಿಡಿಯೊ ಯಾರಿಗೂ ಬೇಡ' ಅನ್ನೋ ಸಾಲು ಮೇಲೆ ಕೂತಿತ್ತು. ಅನುಮತಿ ಅದರ ಕೆಳಗೆ. ಅದರ ಸರದಿ ಬರೋದೇ ಇಲ್ಲ!

ಅನುಮತಿಯನ್ನು ಮೇಲೆ ತಂದು, ಸ್ಕ್ವಿಡ್ ನಿಯಮಗಳನ್ನು ಮತ್ತೆ ಓದಲಿ ಅಂತ ರೀಕಾನ್ಫಿಗರ್ ಕೊಟ್ಟೆ. ಪೇಜ್ ಬಂತು, ವಿಡಿಯೊ ಮಾತ್ರ ಸುತ್ತುತ್ತಲೇ ಇತ್ತು. ಯೂಟ್ಯೂಬ್ ವಿಡಿಯೊ ಹರಿಯೋದು ಗೂಗಲ್‌ವಿಡಿಯೊ.ಕಾಮ್‌ನಿಂದ ಅಲ್ವಾ, ಅದನ್ನೂ ಸೇರಿಸಿದ ಮೇಲೆ ಓಡಿತು.

ಆ ಹಳೇ ಸಾಲನ್ನು ತೆಗೆಯೋಕೆ ಮಾತ್ರ ಯಾರಿಗೂ ಧೈರ್ಯ ಇಲ್ಲ. ಯಾಕೆ ಹಾಕಿದ್ದು ಅಂತ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ, ಪಕ್ಕದಲ್ಲಿ ಒಂದು ಕಾಮೆಂಟೂ ಇಲ್ಲ. ಎಷ್ಟು ಆಫೀಸಿನ ರೂಲ್ಸು ಹೀಗೇ ಸುಮ್ನೆ ನಡೀತಾ ಇದೆಯೋ.

ಈಗ ಮ್ಯಾನೇಜರ್ ಹೊಸ ಬೇಡಿಕೆ: "ಆ ಒಂದು ಚಾನೆಲ್ ಮಾತ್ರ ಬಿಡಿ." ಎಚ್‌ಟಿಟಿಪಿಎಸ್‌ನಲ್ಲಿ ಎಲ್ಲ ಗುಪ್ತವಾಗಿ ಹೋಗುತ್ತೆ, ಅದನ್ನು ನಡುವೆ ಬಿಚ್ಚದೆ ಪ್ರಾಕ್ಸಿಗೆ ಕಾಣೋದು ಡೊಮೇನ್ (ಸೈಟಿನ) ಹೆಸರಷ್ಟೇ, ಚಾನೆಲ್ ಕಾಣಲ್ಲ ಸ್ವಾಮಿ!