ಮುತ್ಯಾನ ಗೊಂದಲ

ಜರ್ಮನಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ತಂಗಿಯ ಆರು ವರ್ಷದ ಮಗಳು ರಜೆಗೆಂದು ಬೀದರಿಗೆ ಬಂದಿದ್ದಾಳೆ. ಮನೆಯಲ್ಲಿ ಕನ್ನಡ ಮಾತನಾಡಿದರೆ ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಸಾಕು ಎಂದು ಅಲ್ಲಿಯ ಶಿಕ್ಷಕಿಯೊಬ್ಬರು ಸಲಹೆ ಕೊಟ್ಟರಂತೆ. ನಿನ್ನೆ ಊಟದ ಹೊತ್ತಿನಲ್ಲಿ ತಂಗಿ ಅದನ್ನು ಅಂಜುತ್ತಲೇ ಹೇಳಿದಳು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಊರಿನಲ್ಲಿ ಉರ್ದು ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಕನ್ನಡವಾಡಿ, ಉದಗೀರದ ಬೀಗರೊಡನೆ ಮರಾಠಿಯಲ್ಲಿ ಜಗಳ ತೆಗೆದು, ಜಹೀರಾಬಾದಿನ ವ್ಯಾಪಾರಿಗಳೊಡನೆ ತೆಲುಗಿನಲ್ಲಿ ಚೌಕಾಶಿ ಮಾಡುತ್ತ ಎಂಬತ್ತೆಂಟು ವರ್ಷ ಕಳೆದ ನಮ್ಮ ಮುತ್ಯಾ ಬಹಳ ಗಂಭೀರವಾಗಿ, "ಖರೇ ಅದವ್ವಾ, ನನಗೂ ಭಾಳ ಗೊಂದಲ ಆಗ್ಯದ. ಸಾಲ ಕೇಳಾಕ ಬಂದವರಿಗಿ ಯಾವ ಭಾಷಾದಾಗ ಇಲ್ಲ ಅನ್ನಬೇಕು ಅಂತ" ಎಂದರು. ತಂಗಿ ನಕ್ಕಳು. ಸಂಶೋಧನೆಗಳನ್ನು ಮುಂದಿಟ್ಟು ನಾನು ವಾದಿಸಿದ್ದರೆ ಆ ಅಂಜಿಕೆ ಅಷ್ಟು ಬೇಗ ಹೋಗುತ್ತಿರಲಿಲ್ಲ.

ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಎರಡು ವರ್ಷದ ಆಸುಪಾಸಿನಲ್ಲಿಯೇ ಎದುರಿನವರಿಗೆ ಯಾವ ಭಾಷೆ ತಿಳಿಯುತ್ತದೆಂದು ಅಳೆದು ಮಾತನಾಡಬಲ್ಲರು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ನಮ್ಮವಳಿಗೆ ಮಾತ್ರ ಮುತ್ಯಾನ ಮೇಲೆ ಭರವಸೆ ಹೆಚ್ಚು. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುಗಿಯುತ್ತಲೇ "ಮುತ್ಯಾ, ನೋಖ್ ಐನೆ ರೊಟ್ಟಿ" ಎಂದು ತಾಟು ಚಾಚಿದಳು. ಇನ್ನೊಂದು ರೊಟ್ಟಿ ತಾಟಿಗೆ ಬಿತ್ತು.

ಇಂದು ಬೆಳಿಗ್ಗೆ ಮುತ್ಯಾ ಖಾಲಿ ಕಪ್ಪು ಎತ್ತಿ "ನೋಖ್ ಐನೆ ಚಹಾ" ಎಂದು ಕೂಗಿದರು. ಜರ್ಮನ್ ಭಾಷೆಯಲ್ಲಿ ಚಹಾ ಪುಲ್ಲಿಂಗವಾದ್ದರಿಂದ "ಐನೆನ್" ಎನ್ನಬೇಕೆಂದು ಗೊಂದಲದ ಮಗು ಕೂಡಲೇ ತಿದ್ದಿತು.